ಆನೆ ಜಾಡಿಗೆ ಕಾಲರ್, ಲದ್ದಿ, ಕ್ಯಾಮೆರಾ: ನನಗೆ ಒಗ್ಗಿದ್ದು ಕ್ಯಾಮೆರಾ

ರಸ್ತೆ, ಬೇಲಿ, ತೋಟಗಳ ನಡುವೆ ತುಂಡಾದ ಕಾಡಿನಲ್ಲಿ ಆನೆ ಎಲ್ಲಿ ದಾಟುತ್ತದೆ ಎಂದು ತಿಳಿಯಲು ಮೂರೂ ದಾರಿ ಹಿಡಿದು ನೋಡಿದ್ದೇನೆ. ನನ್ನ ಓಟು ಕ್ಯಾಮೆರಾ ಟ್ರ್ಯಾಪ್‌ಗೆ, ಅಂದರೆ ಎದುರು ಏನಾದರೂ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾಕ್ಕೆ. ಅದೂ ಎರಡನೆಯದಾಗಿ ಕೊಂಡದ್ದಕ್ಕೆ.

ಮೊದಲನೆಯದು ಕಡಿಮೆ ದುಡ್ಡಿಗೆ ಸಿಕ್ಕಿತ್ತು. ಆನೆ ದಾರಿಯ ಪಕ್ಕದ ಮರಕ್ಕೆ ಕಟ್ಟಿ ಬಂದೆ. ವಾರ ಬಿಟ್ಟು ಹೋದರೆ ಕಾರ್ಡ್ ತುಂಬಿತ್ತು, ಆನೆ ಒಂದೂ ಇಲ್ಲ. ದನ, ಬೈಕು, ಸೌದೆಗೆ ಬಂದವರು, ಬರೀ ಹುಲ್ಲು! ಇದರ ಸೆನ್ಸರ್‌ಗೆ ಗೊತ್ತಾಗುವುದು ಅಲ್ಲಾಡುವ ಬಿಸಿ ಮಾತ್ರ. ಕಾದ ಹುಲ್ಲು ಗಾಳಿಗೆ ತೂಗಿದರೂ ಫೋಟೊ ತೆಗೆಯುತ್ತದೆ. ಮರದ ಬುಡದಲ್ಲೇ ಹಸಿ ಲದ್ದಿ ಬಿದ್ದಿದ್ದು ನೋಡಿ ತುಂಬಾ ಬೇಜಾರಾಯಿತು.

ಜನ ಓಡಾಡುವ ಕಡೆ ಆನೆಗಳು ಹೆಚ್ಚಾಗಿ ರಾತ್ರಿಯೇ ದಾಟುತ್ತವೆ. ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಟೈಮರ್ ಇಟ್ಟರೆ ಆಯಿತು, ಅಲ್ವಾ? ಆದರೆ ಅದರ ಟೈಮರ್ ಮಧ್ಯರಾತ್ರಿ ದಾಟುತ್ತಲೇ ಇರಲಿಲ್ಲ. ಕೊನೆಗೆ ಗಡಿಯಾರವನ್ನೇ 12 ಗಂಟೆ ಹಿಂದಿಟ್ಟೆ. ಕ್ಯಾಮೆರಾಕ್ಕೆ ಹಗಲಾದಾಗ ನಮಗೆ ರಾತ್ರಿ. ಆನೆಗಳು ಸಿಕ್ಕವು, ಆದರೆ ಪ್ರತಿ ಫೋಟೊದ ಸಮಯವನ್ನೂ ಕೂತು ತಿದ್ದಬೇಕಿತ್ತು. ರಾತ್ರಿ ಫೋಟೊಗೆಂದು ಹೊತ್ತಿಕೊಳ್ಳುವ ಅದರ ಕೆಂಪು ದೀಪ ಕಂಡು ಒಂದು ಸಲಗ ಸೊಂಡಿಲು ಹಾಕಿ ಪಟ್ಟಿಯನ್ನೇ ಕಿತ್ತಿತು. ಎರಡನೆಯದರ ಟೈಮರ್ ಸರಿಯಿದೆ. ದೀಪ 940 ನ್ಯಾನೋಮೀಟರ್ ತರಂಗಾಂತರದ ಇನ್ಫ್ರಾರೆಡ್, ಕಣ್ಣಿಗೆ ಕಾಣುವುದಿಲ್ಲ. ಬೆಳಕು ಮಾತ್ರ ಅಷ್ಟು ದೂರ ಹೋಗದು.

ಕಾಲರ್ ಅಂದರೆ ಆನೆಯ ಕೊರಳಿಗೆ ಕಟ್ಟುವ, ಅದು ಎಲ್ಲಿದೆ ಎಂದು ತಿಳಿಸುವ ಪಟ್ಟಿ. ಅದರ ಮಾಹಿತಿಯನ್ನು ಒಂದು ತಂಡದ ಜೊತೆ ಕೆಲವು ತಿಂಗಳು ನೋಡಿದ್ದೆ. ಆನೆ ಕ್ಯಾಮೆರಾ ಇಲ್ಲದ ಕಡೆ ಹೋದರೂ ಗೊತ್ತಾಗುತ್ತದೆ, ಅದು ದೊಡ್ಡ ಮಾತು. ಆದರೆ ಅನುಮತಿ, ಪಶುವೈದ್ಯರು, ಅರವಳಿಕೆ ಎಲ್ಲ ಬೇಕು. ಒಬ್ಬನ ಕೈಲಾಗುವ ಕೆಲಸವಲ್ಲ.

ಲದ್ದಿ, ಹೆಜ್ಜೆಗೆ ಖರ್ಚೇ ಇಲ್ಲ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಷ್ಟು ಮಾಡಿದರೆ ಸುಮಾರಾಗಿ ಭುಜದ ಎತ್ತರ ಸಿಗುತ್ತದೆ. ಮಳೆ ಬಂದರೆ ಎಲ್ಲ ಅಳಿಸಿಹೋಗುತ್ತದೆ. ದಿನಾ ನಡೆಯುವವರಿಗೆ ಇದೇ ಸಾಕು.

ನಾನು ಹೋಗುವುದು ವಾರಕ್ಕೊಮ್ಮೆ, ದುಡ್ಡಿರುವುದು ಒಂದೇ ಸಾಧನಕ್ಕೆ. ಆ ಲೆಕ್ಕಕ್ಕೆ ಕ್ಯಾಮೆರಾವೇ ಸರಿ. ಎಡಕಿವಿ ಹರಿದ ಒಂದು ಹೆಣ್ಣಾನೆಯನ್ನು ಈಗ ನೋಡಿದ ಕೂಡಲೇ ಗುರುತಿಸುತ್ತೇನೆ. ಹೋದ ವಾರ ರಾತ್ರಿ 2:40ಕ್ಕೆ ದಾಟಿದೆ. ಮರಿಯೂ ಜೊತೆಗಿತ್ತು.