ಕಡಿಮೆ ಸೋಡಿಯಂ ಉಪ್ಪು: ಸಾರಿಗೆ ಸೈ, ಮಜ್ಜಿಗೆಗೆ ಬೇಡ

ದಾವಣಗೆರೆಯ ನಮ್ಮ ಪಿ.ಜೆ. ಬಡಾವಣೆಯ ದಿನಸಿ ಅಂಗಡಿಯಲ್ಲಿ ಕಡಿಮೆ ಸೋಡಿಯಂ ಉಪ್ಪನ್ನು ಮಾಮೂಲಿ ಅಯೋಡಿನ್ ಉಪ್ಪಿನ ಪಕ್ಕದಲ್ಲೇ ಜೋಡಿಸಿರುತ್ತಾರೆ. ಬೆಲೆ ಮಾತ್ರ ಅದರ ಒಂದೂವರೆ ಪಟ್ಟು. ಪ್ಯಾಕೆಟ್ ಮೇಲೆ ‘ಶೇ 15ರಷ್ಟು ಕಡಿಮೆ ಸೋಡಿಯಂ’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಯಜಮಾನರಿಗೆ ಬಿ.ಪಿ. ಮಾತ್ರೆ ಶುರುವಾದ ಮೇಲೆ ಮನೆಗೆ ಇದೇ ಉಪ್ಪು ಬರುತ್ತಿದೆ. ಬೇಸಿಗೆ, ಮಳೆಗಾಲ ಎರಡನ್ನೂ ಇದರೊಂದಿಗೆ ಕಳೆದಿರುವುದರಿಂದ ನಾಲ್ಕು ಮಾತು ಹೇಳಬಲ್ಲೆ.

ಮಾಮೂಲಿ ಉಪ್ಪಿನ 100 ಗ್ರಾಂನಲ್ಲಿ ಸುಮಾರು 39 ಗ್ರಾಂ ಸೋಡಿಯಂ ಇರುತ್ತದೆ. ಈ ಪ್ಯಾಕೆಟ್‌ನಲ್ಲಿ ಸೋಡಿಯಂ ಕ್ಲೋರೈಡ್‌ನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುವುದರಿಂದ ಅದು 33 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಅಂಗಡಿಯವರು ಬಿ.ಪಿ. ಎಂದ ಕೂಡಲೇ ಸೈಂಧವ ಉಪ್ಪನ್ನು ಕೈಗಿಡುತ್ತಾರೆ. ಬಣ್ಣ ಗುಲಾಬಿಯಾದರೂ ಅದು ಬಹುಪಾಲು ಸೋಡಿಯಂ ಕ್ಲೋರೈಡೇ, ಅಯೋಡಿನ್ ಬೆರೆಸದ ಪ್ಯಾಕೆಟ್‌ಗಳೇ ಹೆಚ್ಚು. ಆ ದುಡ್ಡಿಗೆ ಎರಡು ಕಟ್ಟು ಮೆಂತ್ಯ ಸೊಪ್ಪು ತರುವುದು ಮೇಲು.

ಇನ್ನು ರುಚಿ. ಹುಣಸೆಹುಳಿ ಬಿದ್ದ ಯಾವ ಅಡುಗೆಯಲ್ಲೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೇಳೆ ಸಾರು, ಹುಳಿ, ಬದನೆಕಾಯಿ ಎಣ್ಣೆಗಾಯಿ ಎಲ್ಲವೂ ಪಾಸು. ಮುದ್ದೆಗೆ ಮಾಡುವ ಬಸ್ಸಾರನ್ನು ನೆಂಟರೂ ಎರಡನೇ ಸಲ ಹಾಕಿಸಿಕೊಂಡರು. ತೊಂದರೆ ಇರುವುದು ಹಸಿಯಾಗಿ ಹಾಕುವ ಕಡೆ. ಮಜ್ಜಿಗೆಗೆ ಒಂದು ಚಿಟಿಕೆ ಹಾಕಿ ಕುಡಿದರೆ ಗುಟುಕು ಗಂಟಲಿಗೆ ಇಳಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ತೆಳುವಾದ ಕಹಿ ಉಳಿಯುತ್ತದೆ, ಹಿತ್ತಾಳೆ ಲೋಟದಲ್ಲಿ ಮೊಸರು ಬಿಟ್ಟು ಕುಡಿದ ಹಾಗೆ. ಕೋಸಂಬರಿಯಲ್ಲೂ ಅದೇ ಕಥೆ. ಶೇಂಗಾ ಚಟ್ನಿಪುಡಿಯಲ್ಲಂತೂ ಉಪ್ಪಿನ ಹರಳು ನೇರವಾಗಿ ನಾಲಿಗೆಗೆ ತಾಗುವುದರಿಂದ ಕಹಿ ಎದ್ದು ಕಾಣುತ್ತದೆ. ಈಗ ಚಟ್ನಿಪುಡಿಗೆ ಮಾಮೂಲಿ ಉಪ್ಪನ್ನೇ ಅರ್ಧ ಹಾಕಿ, ಬೆಳ್ಳುಳ್ಳಿ ಮತ್ತು ಹುಣಸೆ ಹೆಚ್ಚಿಸಿದ್ದೇನೆ. ರೊಟ್ಟಿಯ ಜೊತೆ ಯಾರೂ ತಕರಾರು ಎತ್ತಿಲ್ಲ. ಉಪ್ಪಿನಕಾಯಿಗೆ ಇದನ್ನು ಹಾಕುವ ಗೋಜಿಗೇ ಹೋಗಿಲ್ಲ.

ಕೊಳ್ಳುವವರು ಗಮನಿಸಬೇಕಾದ ಲೆಕ್ಕವೊಂದಿದೆ. ಇದರ ಉಪ್ಪಿನಂಶ ತುಸು ಮಂದ ಎನಿಸುವುದರಿಂದ ಕೈ ತಾನಾಗಿಯೇ ಇನ್ನೊಂದು ಚಿಟಿಕೆಗೆ ಹೋಗುತ್ತದೆ. 10 ಗ್ರಾಂ ಹಾಕುವ ಕಡೆ 12 ಗ್ರಾಂ ಹಾಕಿದರೆ ಉಳಿತಾಯ ಪೂರ್ತಿ ಮುಗಿಯಿತು, ಜಾಸ್ತಿ ದುಡ್ಡು ಕೊಟ್ಟಿದ್ದಷ್ಟೇ ಬಂತು. ನಾನು ಡಬ್ಬಿಯಲ್ಲಿ ಅಳತೆಯ ಚಮಚ ಇಟ್ಟು ಸೊಸೆಗೂ ಅದನ್ನೇ ಬಳಸಲು ಹೇಳಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಬ್ಬರಿಗೆ ಒಂದು ಟೀ ಚಮಚವೂ ತುಂಬುವುದಿಲ್ಲ.

ಮನೆಯ ಡಬ್ಬಿಯನ್ನು ಹೀಗೆ ಕಾಯ್ದರೂ ದಾವಣಗೆರೆಯಲ್ಲಿ ಉಪ್ಪು ಬೇರೆ ಬಾಗಿಲಿಂದ ಒಳಗೆ ಬರುತ್ತದೆ. ಸಂಜೆಯಾದರೆ ಯಜಮಾನರಿಗೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬೇಕು. ಒಮ್ಮೆ ಮಂಡಕ್ಕಿಯವರಿಗೆ ಉಪ್ಪು ಉದುರಿಸಬೇಡಿ ಎಂದೆ. ‘ಅಕ್ಕಾ, ನಾನು ಉದುರಿಸದಿದ್ದರೂ ಭಟ್ಟಿಯಲ್ಲೇ ಬಿದ್ದಿರುತ್ತದಲ್ಲ’ ಎಂದು ನಕ್ಕರು. ಹೌದು, ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿದರೇ ಅದು ಮಂಡಕ್ಕಿಯಾಗುವುದು. ಮೆಣಸಿನಕಾಯಿ ಬಜ್ಜಿಯ ಹಿಟ್ಟಿಗೆ ಉಪ್ಪಿನ ಜೊತೆ ಸೋಡಾ ಬೇರೆ. ಅಡುಗೆ ಸೋಡಾದ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೋಡಿಯಂ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರವೂ (ಹಪ್ಪಳಖಾರ) ಇದೇ ಜಾತಿಗೆ ಸೇರಿದ್ದು. ಬೆಣ್ಣೆ ದೋಸೆಯ ಬೆಣ್ಣೆಯನ್ನು ಎಲ್ಲರೂ ಬೈಯುತ್ತಾರೆ, ಎರಡೆರಡು ಸಲ ಹಾಕಿಸಿಕೊಳ್ಳುವ ಚಟ್ನಿಯ ಉಪ್ಪನ್ನು ಯಾರೂ ಕೇಳುವುದಿಲ್ಲ.

ಇಂಥ ಉಪ್ಪಿನಿಂದ ಪ್ರಯೋಜನವಿಲ್ಲ ಎಂದಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರನ್ನು ಸೇರಿಸಿಕೊಂಡು ನಡೆದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಹಿಂದೆ ಪಾರ್ಶ್ವವಾಯು ಆದವರು ಇಲ್ಲವೇ ಬಿ.ಪಿ. ಇದ್ದ ಅರವತ್ತು ದಾಟಿದವರು ಅದರಲ್ಲಿದ್ದರು. ಬದಲಿ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಗಿತ್ತು. ಆದರೆ ಅಲ್ಲಿ ಬಳಸಿದ್ದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್‌ನ ಪಾಲು ಶೇ 25ರಷ್ಟಿತ್ತು, ನಮ್ಮ ಪ್ಯಾಕೆಟ್‌ನದಕ್ಕಿಂತ ಹೆಚ್ಚು. ಆ ಹಳ್ಳಿಗಳವರು ತಿನ್ನುವ ಉಪ್ಪಿನ ಬಹುಪಾಲು ಮನೆಯ ಡಬ್ಬಿಯಿಂದಲೇ ಬರುತ್ತದೆ. ನಮ್ಮ ಯಜಮಾನರ ಸಂಜೆಗಳಿಗೆ ಆ ಮಾತು ಹೊಂದುವುದಿಲ್ಲ. ಮಂಡಕ್ಕಿ ಈಗ ವಾರಕ್ಕೊಮ್ಮೆ, ಭಾನುವಾರ ಮಾತ್ರ. ಮುಖ ದಪ್ಪ ಮಾಡಿಕೊಂಡೇ ಒಪ್ಪಿದ್ದಾರೆ.

ನನ್ನ ದೊಡ್ಡ ದೂರು ಪ್ಯಾಕೆಟ್‌ನ ಹಿಂಬದಿಯದು. ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಸರಿಯಾಗಿ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆಗಳೂ ಪೊಟ್ಯಾಸಿಯಂ ಏರಿಸಬಲ್ಲವು. ಅಂದರೆ ಈ ಉಪ್ಪನ್ನು ಹುಡುಕಿಕೊಂಡು ಬರುವವರೇ ಮೊದಲು ವೈದ್ಯರನ್ನು ಕೇಳಬೇಕಾದವರು. ಯಜಮಾನರಿಗೆ ವೈದ್ಯರು ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ ಎರಡನ್ನೂ ಪರೀಕ್ಷೆ ಮಾಡಿಸಿದ ಮೇಲೆಯೇ ಹೂಂ ಎಂದದ್ದು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಬದಲಿ ಉಪ್ಪಿನ ಶಿಫಾರಸಿನಿಂದ ಮೂತ್ರಪಿಂಡದ ತೊಂದರೆ ಇರುವವರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಹೊರಗಿಟ್ಟಿದೆ. ಇಷ್ಟು ಮುಖ್ಯವಾದ ಎಚ್ಚರಿಕೆ ನಾನು ತಂದ ಪ್ಯಾಕೆಟ್‌ನಲ್ಲಿ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿದೆ, ಕನ್ನಡದಲ್ಲಿ ಒಂದು ಸಾಲೂ ಇಲ್ಲ.

ನಮ್ಮ ಅತ್ತೆಯವರಿಗೆ ಮೂತ್ರಪಿಂಡದ ತೊಂದರೆ ಇದೆ. ಹಾಗಾಗಿ ಒಲೆಯ ಪಕ್ಕ ನೀಲಿ ಮುಚ್ಚಳದ ಡಬ್ಬಿ, ಕೆಂಪು ಮುಚ್ಚಳದ ಡಬ್ಬಿ ಎಂದು ಎರಡಿವೆ. ಅವರ ಸಾರನ್ನು ಉಪ್ಪು ಹಾಕುವ ಮೊದಲೇ ಪುಟ್ಟ ಪಾತ್ರೆಗೆ ತೆಗೆದಿಟ್ಟು, ಕೆಂಪು ಡಬ್ಬಿಯಿಂದ ಮಾಮೂಲಿ ಉಪ್ಪನ್ನು ಅಳತೆ ಮಾಡಿ ಹಾಕುತ್ತೇನೆ.

ಐದಕ್ಕೆ ಮೂರು ನಕ್ಷತ್ರ. ಎಚ್ಚರಿಕೆಯನ್ನು ಕನ್ನಡದಲ್ಲಿ, ಮುಂಬದಿಯಲ್ಲಿ ಅಚ್ಚು ಹಾಕಿಸಿದ ದಿನ ನಾಲ್ಕು ಕೊಡುತ್ತೇನೆ.