ಮೂರು ವರ್ಷ ಲಿನಕ್ಸ್ ಮಿಂಟ್: ನುಡಿಗೆ ಪಳಗಿದ ಕೈಗೆ ಕಗಪ ಸಿಕ್ಕಿದ್ದು ಹೀಗೆ

ನಾನು ಮನೆಯಲ್ಲೇ ಕನ್ನಡ ಟೈಪಿಂಗ್ ಮಾಡಿಕೊಡುತ್ತೇನೆ. ಮದುವೆ ಕಾರ್ಡು, ಅರ್ಜಿ, ಸಂಘದ ವಾರ್ಷಿಕ ವರದಿ, ಇಂಥವು. ಹದಿನೈದು ವರ್ಷದಿಂದ ಕೈ ಕನ್ನಡ ಬರೆಯುವ ನುಡಿ ತಂತ್ರಾಂಶಕ್ಕೇ ಪಳಗಿದೆ. 2022ರ ಕೊನೆಗೆ ನನ್ನ 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ತೀರಾ ನಿಧಾನವಾಯಿತು. ಹೊಸದಕ್ಕೆ ದುಡ್ಡಿರಲಿಲ್ಲ. ಒಂದು ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 21 ಇನ್‌ಸ್ಟಾಲ್ ಮಾಡಿದೆ.

ಲಿನಕ್ಸ್ ಅಂದರೆ ಕಪ್ಪು ಪರದೆಯಲ್ಲಿ ಕಮಾಂಡ್ ಹೊಡೆಯಬೇಕು ಅಂತ ಎಲ್ಲರೂ ಹೆದರಿಸಿದ್ದರು. ವೈಫೈ, ಪ್ರಿಂಟರ್, ಅಕ್ಷರದ ಗಾತ್ರ ಎಲ್ಲವೂ ಮೌಸ್‌ನಲ್ಲೇ ಮುಗಿದವು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನಗೆ ಬೇಕಿದ್ದದ್ದು ಕನ್ನಡ. ಅದು ಸರಿಯಾಗಲು ಮೂರು ದಿನ ಹಿಡಿಯಿತು.

ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ತೆರೆದೆ. ಲೇಔಟ್ ಪಟ್ಟಿಯಲ್ಲಿ 'ಕನ್ನಡ, ಕಗಪ' ಅಂತ, ಅಂದರೆ ನುಡಿಯ ಕೀಲಿ ವಿನ್ಯಾಸವೇ, ಕಂಡಾಗ ಆದ ಖುಷಿ ಅಷ್ಟಿಷ್ಟಲ್ಲ. ಏನೂ ಡೌನ್‌ಲೋಡ್ ಮಾಡಬೇಕಿಲ್ಲ, ಆಗಲೇ ಅಲ್ಲಿದೆ! ಸೇರಿಸಿ ಟೈಪ್ ಮಾಡಿದೆ. ವ್ಯಂಜನಗಳು ನುಡಿಯಲ್ಲಿದ್ದ ಕೀಗಳಲ್ಲೇ ಬಂದವು. ಗುಣಿತಕ್ಕೆ ಬಂದಾಗ ಎಲ್ಲ ಕೆಟ್ಟಿತು.

ನುಡಿಯಲ್ಲಿ ಐ ಕೀ ಒಂದೇ. ಪದದ ಮೊದಲಲ್ಲಿ ಒತ್ತಿದರೆ ಇ, ಕ ಆದಮೇಲೆ ಒತ್ತಿದರೆ ಕಿ. ಈ ಲೇಔಟ್‌ಗೆ ಹಿಂದಿನ ಅಕ್ಷರ ಯಾವುದೆಂದು ಗೊತ್ತಾಗುವುದಿಲ್ಲ. ಒಂದು ಕೀಗೆ ಒಂದು ಅಕ್ಷರ, ಅಷ್ಟೇ. ಹಾಗಾಗಿ ಸ್ವರಕ್ಕೆ ಕೀ ಒತ್ತುವುದು ಒಂದು ರೀತಿ, ಗುಣಿತದ ಚಿಹ್ನೆಗೆ ಇನ್ನೊಂದು ರೀತಿ. ಬೆರಳು ನೋಡದೆ ಬರೆಯುವವರಿಗೆ ಇದು ಹಿಂಸೆ. ಎರಡು ದಿನ ಪುಟಕ್ಕೆ ಪುಟ ತಪ್ಪು ತಿದ್ದುತ್ತಾ ಕೂತೆ. ವಾಪಸ್ ವಿಂಡೋಸ್ ಹಾಕಿಬಿಡೋಣ ಅನ್ನಿಸಿತ್ತು.

ಉತ್ತರ ಬೇರೊಂದು ಕಿಟಕಿಯಲ್ಲಿತ್ತು. ಮೆನುವಿನಲ್ಲಿ 'ಇನ್‌ಪುಟ್ ಮೆಥಡ್' ಅಂತ ಪ್ರತ್ಯೇಕವಾಗಿದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್-ಎಂ17ಎನ್ (ibus-m17n) ಹಾಕಿಕೊಳ್ಳಬೇಕು. ಇದು ಹಲವು ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ತಂತ್ರಾಂಶ. ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರಬೇಕು. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡದ ಕೆಳಗಿರುವ 'ಕೆಜಿಪಿ' (ಇಂಗ್ಲಿಷ್ ಅಕ್ಷರಗಳಲ್ಲಿ ಕಗಪ) ಸೇರಿಸಬೇಕು. ಇದು ಹಿಂದಿನ ಅಕ್ಷರ ನೋಡಿಕೊಂಡು ಗುಣಿತ ಕೂಡಿಸುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದೆ. 'ಕನ್ನಡ' ಬಂತು. ಐ ಒತ್ತಿದೆ, 'ಕನ್ನಡಿ' ಆಯಿತು. ನಿಜಕ್ಕೂ ಕಣ್ಣು ತುಂಬಿ ಬಂತು.

ನನ್ನ ತಕರಾರು ಇದೊಂದೇ. ಒಂದೇ ಕೆಲಸಕ್ಕೆ ಎರಡು ಕಿಟಕಿ. ಲೇಔಟ್ ಪಟ್ಟಿಯ ಕೆಳಗೆ 'ಗುಣಿತ ತಾನಾಗಿ ಬರಬೇಕಾದರೆ ಇನ್‌ಪುಟ್ ಮೆಥಡ್ ನೋಡಿ' ಅಂತ ಒಂದು ಸಾಲು ಇದ್ದಿದ್ದರೆ ನನ್ನ ಮೂರು ದಿನ ಉಳಿಯುತ್ತಿತ್ತು. ನಮ್ಮಂಥವರು ಎಷ್ಟು ಜನ ಮೊದಲ ಕಿಟಕಿಯಲ್ಲೇ ಬೇಸತ್ತು ವಾಪಸ್ ಹೋಗಿರಬಹುದು, ಅಲ್ವಾ?

ಒಮ್ಮೆ ಕೂಡಿಬಂದ ಮೇಲೆ ಮಾತ್ರ ಅದನ್ನು ಮತ್ತೆ ಮುಟ್ಟುವ ಕೆಲಸವೇ ಬಂದಿಲ್ಲ. ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆಯುತ್ತೇನೆ. ಮೊದಲು ಪ್ಯಾನೆಲ್ ಮೂಲೆಯ ಗುರಾಣಿ ಚಿಹ್ನೆ ನೋಡುತ್ತೇನೆ. ಅದರಲ್ಲಿ ಚುಕ್ಕಿ ಕಂಡರೆ ಅಪ್‌ಡೇಟ್ ಬಂದಿದೆ ಅಂತ. ಹಾಕು ಅಂದರೆ ಹಾಕುತ್ತದೆ, ಕೆಲಸದ ನಡುವೆ ತಾನೇ ರೀಸ್ಟಾರ್ಟ್ ಆಗುವುದಿಲ್ಲ. ಆಮೇಲೆ ಸೂಪರ್ ಕೀ (ವಿಂಡೋಸ್ ಚಿಹ್ನೆ ಇರುವ ಕೀ) ಜೊತೆ ಸ್ಪೇಸ್. ಕನ್ನಡ ಶುರು. ಇಂಗ್ಲಿಷ್ ಹೆಸರು ಬಂದರೆ ಮತ್ತೆ ಅದೇ ಎರಡು ಕೀ. ದಿನಕ್ಕೆ ನೂರು ಸಲವಾದರೂ ಒತ್ತುತ್ತೇನೆ.

ಟೈಮ್‌ಶಿಫ್ಟ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಸಿಸ್ಟಮ್ ಇದ್ದ ಸ್ಥಿತಿಯ ಪ್ರತಿಯನ್ನು (ಸ್ನ್ಯಾಪ್‌ಶಾಟ್) ತೆಗೆದಿಟ್ಟು, ಕೆಟ್ಟಾಗ ಹಿಂದಕ್ಕೆ ತರುವ ಸಾಧನ ಅದು. ಒಂದು ರಾತ್ರಿ ಸುಮ್ನೆ ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆ. ರೀಸ್ಟಾರ್ಟ್ ಆದಮೇಲೆ ಪರದೆ ಪೂರ್ತಿ ಕಪ್ಪು. ಮರುದಿನ ಒಂದು ಕಾರ್ಡಿನ ಪ್ರೂಫ್ ಕೊಡಬೇಕಿತ್ತು. ಮಿಂಟ್ ಇನ್‌ಸ್ಟಾಲ್ ಮಾಡಿದ್ದ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿದೆ. ಅದರೊಳಗೂ ಟೈಮ್‌ಶಿಫ್ಟ್ ಇದೆ. ಹಿಂದಿನ ದಿನದ ಸ್ನ್ಯಾಪ್‌ಶಾಟ್ ಆರಿಸಿ ರಿಸ್ಟೋರ್ ಒತ್ತಿದೆ. ಅದು ಸಿಸ್ಟಮ್ ಫೈಲ್‌ಗಳನ್ನಷ್ಟೇ ಹಿಂದಕ್ಕೆ ಒಯ್ಯುತ್ತದೆ, ನಾವಾಗಿ ಹೇಳದ ಹೊರತು ಹೋಮ್ ಫೋಲ್ಡರ್ ಮುಟ್ಟುವುದಿಲ್ಲ. ಪ್ರೂಫ್ ಇಟ್ಟಲ್ಲೇ ಇತ್ತು. ಆದರೆ ನಮ್ಮ ಕಡತಗಳ ಬ್ಯಾಕಪ್ ಕೂಡ ಅದೇ ಮಾಡುತ್ತದೆ ಅಂದುಕೊಳ್ಳಬೇಡಿ. ನಾನು ಅವನ್ನು ಪ್ರತಿ ಶನಿವಾರ ಬೇರೆ ಡಿಸ್ಕಿಗೆ ಹಾಕುತ್ತೇನೆ.

2024ರಲ್ಲಿ ಮಿಂಟ್ 22 ಬಂತು. ಅಪ್‌ಗ್ರೇಡ್ ಕೂಡ ಕಿಟಕಿಯಲ್ಲೇ ಆಯಿತು. ಮೊದಲು ಸ್ನ್ಯಾಪ್‌ಶಾಟ್ ಇದೆಯಾ ಅಂತ ಅದೇ ನೋಡಿಕೊಂಡಿತು. ನನಗೆ ಆ ಹೊತ್ತಿನಲ್ಲಿ ಇದ್ದ ಭಯ ಒಂದೇ, ಕೆಜಿಪಿ ಹಾರಿಹೋದರೆ? ಮುಗಿದ ತಕ್ಷಣ ಬೇರೇನೂ ನೋಡಲಿಲ್ಲ. ಸೂಪರ್, ಸ್ಪೇಸ್, ಕೆ, ಎನ್, ಎಫ್, ಎನ್, ಡಬ್ಲ್ಯೂ. ಬಂತು.