ಇಂಡಕ್ಷನ್ನೋ, ಇನ್‌ಫ್ರಾರೆಡ್ಡೋ, ಗ್ಯಾಸೋ?

ಚಿಕ್ಕಬಳ್ಳಾಪುರದ ಬಾಡಿಗೆ ಮನೆಗೆ ಯಾವ ಒಲೆ ತಗೊಳ್ಳಲಿ ಅಂತ ತಂಗಿ ಕೇಳಿದ್ದಳು.

ಮೊದಲು ಗಾಜು. ಗಾಜಿನ ಗ್ಯಾಸ್ ಒಲೆಯದು ಟಫನ್ಡ್ ಗಾಜು, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ್ದು, ಒಡೆದರೆ ಹರಳುಪ್ಪಿನಂತೆ ಚೂರುಚೂರು. ಉಳಿದೆರಡು ಕರೆಂಟಿನ ಒಲೆ, ಅವುಗಳ ಮೇಲಿನ ತಟ್ಟೆ ಸಾಮಾನ್ಯವಾಗಿ ಗ್ಲಾಸ್ ಸೆರಾಮಿಕ್, ಅಂದರೆ ಒಳಗೆ ಹರಳುಗಟ್ಟಿಸಿದ ಗಾಜು. ಅದು ಸಿಕ್ಕಿದ್ದು ಆಕಸ್ಮಿಕವಾಗಿ. 1953ರಲ್ಲಿ ಅಮೆರಿಕದ ಗಾಜಿನ ಕಂಪನಿ ಕಾರ್ನಿಂಗ್‌ನ ವಿಜ್ಞಾನಿ ಸ್ಟೂಕಿ ಗಾಜು ಕಾಯಿಸಲು ಇಟ್ಟಿದ್ದ ಕುಲುಮೆ 600 ಡಿಗ್ರಿಗೆ ನಿಲ್ಲದೆ 900 ಮುಟ್ಟಿತು. ಗಾಜು ಕರಗಿ ಹರಿಯದೆ ಹರಳುಗಟ್ಟಿತು. ಒಲೆಯ ತಟ್ಟೆಯೊಳಗಿನ ಸೂಕ್ಷ್ಮ ಹರಳು ಕಾದಾಗ ತುಸು ಕುಗ್ಗುತ್ತದೆ, ಸುತ್ತಲ ಗಾಜು ಹಿಗ್ಗುತ್ತದೆ, ಒಟ್ಟಾರೆ ಅಳತೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅದಕ್ಕೇ ಸಾರು ಉಕ್ಕಿ ಚೆಲ್ಲಿದರೂ ಸೀಳುವುದಿಲ್ಲ. ಕುಕ್ಕರ್ ಜಾರಿ ಬಿದ್ದರೆ ಮಾತ್ರ ಹೇಳಲಾಗದು.

ಪಾತ್ರೆ? ಇಂಡಕ್ಷನ್ ಕಾಂತಶಕ್ತಿಯಿಂದ ಪಾತ್ರೆಯ ತಳವನ್ನೇ ಬಿಸಿ ಮಾಡುತ್ತದೆ, ಹಾಗಾಗಿ ತಳಕ್ಕೆ ಅಯಸ್ಕಾಂತ ಅಂಟಬೇಕು. ಅಮ್ಮ ಕೊಟ್ಟ ಅಲ್ಯೂಮಿನಿಯಂ ಮುದ್ದೆ ಪಾತ್ರೆ ಅಲ್ಲಿ ನಡೆಯದು. ಇನ್‌ಫ್ರಾರೆಡ್‌ನಲ್ಲಿ ತಟ್ಟೆಯಡಿಯ ಸುರುಳಿ ಕೆಂಪಗೆ ಕಾದು ಶಾಖ ಕೊಡುತ್ತದೆ, ಅದರ ಮೇಲೆ ತಳ ಚಪ್ಪಟೆಯಿದ್ದರೆ ಸಾಕು. ಆದರೆ ಆರಿಸಿದ ಮೇಲೂ ತಟ್ಟೆ ಬಹಳ ಹೊತ್ತು ಸುಡುತ್ತಿರುತ್ತದೆ, ಅಂಬೆಗಾಲಿಡುವ ಮಗುವಿದ್ದರೆ ನಾನಂತೂ ತರಲ್ಲ. ಯಾವುದೇ ಇರಲಿ, ಹಿಟ್ಟು ತೊಳಸುವಾಗ ಪಾತ್ರೆ ನೆಲಕ್ಕಿಳಿಸು. ಗಾಜಿನ ಮೇಲೆ ಕೋಲು ಊರಬೇಡ.

ಒಬ್ಬಳೇ ಇದ್ದು ಅನ್ನ, ಹಾಲು, ಕಾಫಿ ಅಷ್ಟೇ ಅಂದರೆ ಇಂಡಕ್ಷನ್. ಹಳೇ ಪಾತ್ರೆಗಳೇ ಇದ್ದರೆ ಇನ್‌ಫ್ರಾರೆಡ್. ಕರೆಂಟು ಪದೇಪದೇ ಹೋಗುವ ಕಡೆ, ದಿನಾ ಮುದ್ದೆ ಬೇಕಾದ ಮನೆಗೆ ಗ್ಯಾಸು.